ಫ್ರಿಜ್ಜು ಆರಿಸಿದ ಮಧ್ಯಾಹ್ನ

ಮಾರ್ಚ್ 22, 2020, ಭಾನುವಾರ

ನಾಲ್ಕು ದಿನದ ಆಫೀಸ್ ಕೆಲಸವೆಂದು ಬೆಂಗಳೂರಿಗೆ ಹೋದ ನನ್ನ ಗಂಡ ಪ್ರಶಾಂತ ಅಲ್ಲೇ ಸಿಕ್ಕಿಬಿದ್ದಿದ್ದಾನೆ. ಕೊರೋನಾದಿಂದ ವಿಮಾನ ಬಂದ್, ಮಲೇಷ್ಯಾದ ಬಾಗಿಲೂ ಬಂದ್. "ಧೈರ್ಯವಾಗಿರು ಚಾಮು" ಎಂದು ಫೋನಿನಲ್ಲಿ ಹೇಳುವಾಗ ಹಿಂದೆ ಅವನಕ್ಕ "ಇನ್ನೊಂದು ಹೋಳಿಗೆ ಹಾಕ್ಲಾ?" ಎನ್ನುವುದು ಕೇಳಿಸುತ್ತದೆ. ಹೋಳಿಗೆ ತಿನ್ನುತ್ತಾ ಯಾರು ಬೇಕಾದರೂ ಧೈರ್ಯ ಹೇಳಬಹುದು.

ಇಲ್ಲಿ ಮಲೇಷ್ಯಾದಲ್ಲಿ ನಾನೂ ಮಗಳೂ ಬ್ರಿಕ್‌ಫೀಲ್ಡ್ಸಿನ ಈ ಒಂಬತ್ತನೇ ಮಹಡಿಯ ಮನೆಯಲ್ಲಿ ಬಂದಿಗಳು. ಅನನ್ಯಳಿಗೆ ಹದಿನೈದು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಅದೂ ಮನಸ್ಸಿದ್ದರೆ. ಮಾತಿಗೆ ಜನವಿಲ್ಲದೆ ನಾಲಿಗೆ ತುಕ್ಕು ಹಿಡಿಯುತ್ತಿದೆ, ಅದಕ್ಕೇ ಇದನ್ನು ಬರೆಯಲು ಶುರು ಮಾಡಿದೆ.

ಪುಣ್ಯಕ್ಕೆ ಐದನೇ ಮಹಡಿಯಲ್ಲಿ ಅನಂತಪದ್ಮನಾಭ ರಾಯರಿದ್ದಾರೆ. ಉಡುಪಿಯವರು, ಇಲ್ಲಿ ನೆಲೆಯೂರಿ ಎಷ್ಟೋ ವರ್ಷವಾಯಿತು. ನಮ್ಮ ಬ್ಲಾಕಿನ ಕಮಿಟಿಗೆ ಅವರೇ ಅಧ್ಯಕ್ಷರು. ಮನೆಗೊಬ್ಬರೇ ಅಂಗಡಿಗೆ ಹೋಗಬೇಕು. ನಾನು ಹೋದರೆ ಹುಡುಗಿ ಒಬ್ಬಳೇ ಆಗುತ್ತಾಳೆಂದು ತಾವೇ ಅಕ್ಕಿ, ಮೊಸರು, ಕರಿಬೇವು ತಂದು ಬಾಗಿಲಲ್ಲಿಟ್ಟು, ಬೆಲ್ ಒತ್ತಿ ದೂರ ನಿಲ್ಲುತ್ತಾರೆ. "ಎಂಥ ಬೇಕಿದ್ರೂ ಒಂದು ಮೆಸೇಜ್ ಹಾಕಿ ತಂಗಿ, ನಾನಿದ್ದೇನೆ ಅಲ್ವಾ" ಎನ್ನುತ್ತಾರೆ. ಪರದೇಶದಲ್ಲಿ ಬದುಕು ಸಾಗುವುದೇ ಇಂಥವರಿಂದ.

ಪಕ್ಕದ ಮನೆಗೆ ಯಾರೋ ಅಫ್ಘಾನಿ ಬಂದು ಸೇರಿಕೊಂಡಿದ್ದಾನೆ. ಗಡ್ಡ, ಕೈಯಲ್ಲಿ ಒಂದು ಕಪ್ಪು ಪೆಟ್ಟಿಗೆ. ಲಿಫ್ಟಿನಲ್ಲಿ ಸಿಕ್ಕರೆ ಗೋಡೆ ನೋಡಿಕೊಂಡು ನಿಲ್ಲುತ್ತೇನೆ. ಅವನು ಮುಟ್ಟಿದ ಬಟನ್ನಿಗೆ ಎರಡು ಸಲ ಸ್ಯಾನಿಟೈಸರ್.

ಏಪ್ರಿಲ್ 6, ಸೋಮವಾರ

ಅಫ್ಘಾನಿಯ ಹೆಸರು ಅಸದ್. ಅನನ್ಯ ಬಾಲ್ಕನಿಯಲ್ಲಿ ನಿಂತು ಅವನ ಜೊತೆ ಮಾತಾಡುತ್ತಿದ್ದಳು. ನಾನು ಸೌಟು ಹಿಡಿದೇ ಓಡಿದೆ. ಅವನು ನಮಸ್ತೆ ಎಂದ. ಹಿಂದಿ ಸಿನಿಮಾ ನೋಡಿ ಕಲಿತ ಹಿಂದಿಯಂತೆ, ಆದರೆ ನನ್ನ ಮೈಸೂರು ಹಿಂದಿಗಿಂತ ಎಷ್ಟೋ ವಾಸಿ. ನಾನು "ಆಪ್ ಕಿದರ್ ಸೆ ಆಯಿ" ಎಂದು ಆ ಗಡ್ಡದವನನ್ನು ಹೆಂಗಸು ಮಾಡಿಬಿಟ್ಟೆ. ಅನನ್ಯ ಕಿಸಕ್ಕೆಂದಳು. ಅವನು ನಗಲಿಲ್ಲ.

ಕಾಬೂಲಿನಲ್ಲಿ ಸಿನಿಮಾ ಮಾಡುತ್ತಿದ್ದನಂತೆ. ಹೀರೋ ಹೀರೋಯಿನ್ ಸಿನಿಮಾ ಅಲ್ಲ, ಇರುವ ಜನರನ್ನು ಇರುವ ಹಾಗೆ ತೋರಿಸುವುದು. ತಂದೂರಿನಲ್ಲಿ ರೊಟ್ಟಿ ಸುಟ್ಟು ಬದುಕುವ ವಿಧವೆಯರ ಬಗ್ಗೆ ಒಂದು ಮಾಡಿದ. ಹೆಂಗಸರ ಮುಖ ತೋರಿಸಿದ್ದಕ್ಕೆ ಬೆದರಿಕೆ ಬಂತು, ಅದನ್ನು ತೋರಿಸಿದ ಸಭಾಂಗಣಕ್ಕೆ ಬಾಂಬು ಬಿತ್ತು. ತಂಗಿಯನ್ನು ಕರೆದುಕೊಂಡು ಇಲ್ಲಿಗೆ ಓಡಿಬಂದ. ತಂಗಿ ಸಿತಾರಾ ಪಕ್ಕದ ರಾಜ್ಯದಲ್ಲಿರುವ ನಿಲಾಯ್‌ನಲ್ಲಿ ಓದುತ್ತಿದ್ದಾಳೆ. ಈಗ ರಾಜ್ಯದ ಗಡಿ ದಾಟುವಂತಿಲ್ಲವಾದ್ದರಿಂದ ಹಾಸ್ಟೆಲಿನಲ್ಲೇ ಇದ್ದಾಳೆ.

ಅವನಿಗೆ ನಿರಾಶ್ರಿತರ ಕಾರ್ಡು ಇದೆ, ಕೆಲಸ ಮಾಡುವ ಹಕ್ಕಿಲ್ಲ. ಹಿಂದಿನ ಬೀದಿಯ ತಮಿಳು ಸ್ಟುಡಿಯೋದವರ ಮದುವೆ ವಿಡಿಯೋಗಳನ್ನು ಗುಟ್ಟಾಗಿ ಎಡಿಟ್ ಮಾಡಿಕೊಡುತ್ತಾನೆ. "ತಾಳಿ ಕಟ್ಟೋವಾಗ ಎಲ್ಲರೂ ಹುಡುಗನ ಕೈ ತೋರಿಸ್ತಾರೆ ಬೆಹೆನ್‌ಜಿ. ನಾನು ಹುಡುಗಿಯ ಅಮ್ಮನ ಮುಖಕ್ಕೆ ಹೋಗ್ತೀನಿ" ಎಂದ. ಒಳಗೆ ಬಂದು ನನ್ನ ಮದುವೆ ವಿಡಿಯೋ ಹಾಕಿ ನೋಡಿದೆ. ಅಮ್ಮನ ಮುಖ ಒಂದು ಕಡೆಯೂ ಇಲ್ಲ. ಪುರೋಹಿತರ ಬೆನ್ನು ಬೇಕಾದಷ್ಟಿದೆ.

ಏಪ್ರಿಲ್ 14, ಮಂಗಳವಾರ

ಇವತ್ತು ಮಾಡಬಾರದ ಕೆಲಸ ಮಾಡಿದೆ. ಹೊರಗಿನವರನ್ನು ಮನೆಯೊಳಗೆ ಸೇರಿಸಬಾರದೆಂದು ಸರ್ಕಾರ ಹೇಳಿದೆ, ರಾಯರು ಬ್ಲಾಕಿನ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಹೇಳುತ್ತಾರೆ. ಅಷ್ಟಾದರೂ ಅಸದ್ ಮಾಸ್ಕು ಹಾಕಿಕೊಂಡು ನಮ್ಮ ಅಡಿಗೆಮನೆಯಲ್ಲಿ ನಿಂತಿದ್ದ.

ಅವನು ತನ್ನ ಅಮ್ಮನ ಬಗ್ಗೆ ಸಿನಿಮಾ ಮಾಡುತ್ತಿದ್ದಾನೆ. ಬಹಳ ಹಿಂದೆ ತೆಗೆದದ್ದು, ಅಮ್ಮ ಕಾಬೂಲಿನ ಅಡಿಗೆಮನೆಯಲ್ಲಿ ಕೂತು ಮಾತಾಡುವುದು. ಈಗ ಅಮ್ಮನೂ ಇಲ್ಲ, ಆ ಮನೆಯೂ ಇಲ್ಲ. ಮಾತಿನ ನಡುವೆ ಬೇಡದ್ದನ್ನು ಕತ್ತರಿಸಿದರೆ ಅಲ್ಲಿ ಸದ್ದೇ ಇಲ್ಲದ ತೂತು ಬೀಳುತ್ತದಂತೆ, ಕೇಳುವವರ ಕಿವಿಗೆ ಅದು ಚುಚ್ಚುತ್ತದಂತೆ. ಅದನ್ನು ಮುಚ್ಚಲು ಯಾರೂ ಮಾತಾಡದಿರುವಾಗ ಕೋಣೆಯಲ್ಲಿರುವ ಸದ್ದು ಬೇಕು. ಅದಕ್ಕೇ ಸಿನಿಮಾದವರು ಹೋದಲ್ಲೆಲ್ಲ ಒಂದು ನಿಮಿಷ ಎಲ್ಲರನ್ನೂ ಸುಮ್ಮನಿರಿಸಿ ಅದನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಅವತ್ತು ಅಸದ್ ಹಿಡಿಯಲಿಲ್ಲ. ಅಮ್ಮ ಎಲ್ಲಿ ಹೋಗುತ್ತಾಳೆ, ನಾಳೆ ಹಿಡಿದರಾಯಿತು ಎಂದುಕೊಂಡನಂತೆ.

"ಅದಕ್ಕೇ ಅಂಥದ್ದೇ ಒಂದು ಮೌನ ಹುಡುಕ್ತಾ ಇದೀನಿ. ಕಾರಿಡಾರು, ಮೆಟ್ಟಿಲು, ಎಲ್ಲ ಕಡೆ ನಿಂತು ನೋಡಿದೆ. ನಿಮ್ಮ ಅಡಿಗೆಮನೆ ಕಿಟಕಿ ತೆರೆದಿದ್ದಾಗ ಏನೋ ಸಿಕ್ಕ ಹಾಗಾಯ್ತು."

ನಮ್ಮನೆ ಮೌನಕ್ಕೂ ಗಿರಾಕಿ ಇದ್ದಾರಲ್ಲ ಎಂದು ನಗು ಬಂತು. ಫ್ರಿಜ್ಜು ಆರಿಸಿ ಎಂದ, ಆರಿಸಿದೆ. ಫ್ಯಾನು ಆರಿಸಿದೆ. ಅನನ್ಯ ಬಾಗಿಲಲ್ಲಿ ಉಸಿರು ಹಿಡಿದು ನಿಂತಳು. ಅವನು ಮೊದಲು ಮೈಕಿಗೆ ಜಾಗದ ಹೆಸರು ಹೇಳಿದ, ಅದು ಅವರ ಪದ್ಧತಿಯಂತೆ: ಚಾಮುಂಡಿ ಬೆಹೆನ್‌ಜಿಯ ಮನೆ, ಅಡಿಗೆಮನೆ, ಮಧ್ಯಾಹ್ನ. ಆಮೇಲೆ ಎಲ್ಲರೂ ಸುಮ್ಮನೆ. ನಲ್ಲಿಯಿಂದ ಒಂದು ಹನಿ. ಎಲ್ಲೋ ಒಂದು ಪಾರಿವಾಳ. ಆರುತ್ತಿರುವ ಕುಕ್ಕರು ಟಿಕ್ ಟಿಕ್ ಎನ್ನುತ್ತಿತ್ತು. ಇಷ್ಟು ವರ್ಷ ಇದೇ ಮನೆಯಲ್ಲಿದ್ದು ನಾನು ಇದನ್ನು ಕೇಳಿಸಿಕೊಂಡೇ ಇರಲಿಲ್ಲ. ಕಾರಣವಿಲ್ಲದೆ ಕಣ್ಣಲ್ಲಿ ನೀರು ಬಂತು, ಅಳುವುದು ಯಾರಿಗೂ ಗೊತ್ತಾಗಬಾರದೆಂದು ನಾನೇ ಬಾಯಿಬಿಟ್ಟೆ. "ಆಯ್ತಾ? ಟೀ ಕುಡೀತೀರಾ?" ಎಂದು ಕನ್ನಡದಲ್ಲೇ ಕೇಳಿಬಿಟ್ಟಿದ್ದೆ. ಅವನಿಗೆ ಅರ್ಥವಾಯಿತು. ಬಾಗಿಲ ಹತ್ತಿರ ನಿಂತೇ ಕುಡಿದು, ಲೋಟ ತೊಳೆದಿಟ್ಟು ಹೋದ.

ಪ್ರಶಾಂತನಿಗೆ ಹೇಳಲಿಲ್ಲ. ಗಂಡ ಇಲ್ಲದಾಗ ಗುರುತು ಪರಿಚಯವಿಲ್ಲದ ಗಂಡಸನ್ನು ಒಳಗೆ ಕರೆದು ಟೀ ಕೊಟ್ಟೆನೆಂದು ಯಾವ ಬಾಯಲ್ಲಿ ಹೇಳಲಿ? ನೀನೂ ಹೇಳಬೇಡವೆಂದು ಅನನ್ಯಳಿಗೆ ಹೇಳಿದೆ. "ವೈ? ವಿ ಡಿಡಂಟ್ ಡೂ ಎನಿಥಿಂಗ್ ರಾಂಗ್" ಎಂದಳು.

ಏಪ್ರಿಲ್ 15

ಫ್ರಿಜ್ಜು ಮತ್ತೆ ಹಾಕುವುದನ್ನು ಮರೆತೇಬಿಟ್ಟಿದ್ದೆ. ದೋಸೆ ಹಿಟ್ಟು ಉಕ್ಕಿ ಕೆಳಗಿನ ತರಕಾರಿಯ ಮೇಲೆಲ್ಲ ಇಳಿದಿದೆ. ಮೊಸರು ಮೂಗಿನ ಹತ್ತಿರ ತರುವಂತಿಲ್ಲ. ಬಾಲ್ಕನಿಯಿಂದ ಅಸದ್‌ಗೆ ಹೇಳಿದೆ. ತಲೆ ಮೇಲೆ ಕೈ ಹೊತ್ತುಕೊಂಡ. ಸಿನಿಮಾದವರು ಹೋದ ಮನೆಯಲ್ಲೆಲ್ಲ ಇದೇ ಕಥೆಯಂತೆ. ಅದಕ್ಕೇ ಕೆಲವರು ತಮ್ಮ ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗೆ ಇಟ್ಟುಬಿಡುತ್ತಾರಂತೆ. ಹೊರಡುವಾಗ ಕೀಲಿ ಬೇಕಾಗಿ ಫ್ರಿಜ್ಜು ನೆನಪಾಗುತ್ತದೆ. "ನನಗೆ ಕಾರಿಲ್ಲವಲ್ಲ" ಎಂದ. ಬಹಳ ದಿನದ ಮೇಲೆ ಜೋರಾಗಿ ನಕ್ಕೆ.

ಏಪ್ರಿಲ್ 28, ಮಂಗಳವಾರ

ರಂಜಾನ್ ಶುರುವಾಗಿದೆ. ಸಂಜೆ ಅಸದ್ ಉಪವಾಸ ಬಿಡುವ ಹೊತ್ತಿಗೆ ಅವರ ಬಾಗಿಲ ಹಿಡಿಗೆ ಬಿಸಿಬೇಳೆಬಾತಿನ ಡಬ್ಬಿ ತಗುಲಿಸಿ ಬಂದೆ. ಡಬ್ಬಿ ತೊಳೆದು ಖರ್ಜೂರ ತುಂಬಿ ವಾಪಸು ತಗುಲಿಸಿದ್ದರು. ಬರಿ ಡಬ್ಬಿ ವಾಪಸು ಕೊಡಬಾರದೆಂಬುದು ನಮ್ಮೂರಿನ ಹಾಗೆ ಅವರ ಊರಿನಲ್ಲೂ ಇದೆ.

ಗ್ರೂಪಿನಲ್ಲಿ ಜನರ ತಲೆ ಕೆಟ್ಟಿದೆ. ಪರದೇಶದವರಿಂದಲೇ ರೋಗ ಹರಡುತ್ತಿದೆ, ಅವರನ್ನೆಲ್ಲ ಹೊರಗೆ ಹಾಕಬೇಕು ಎಂದು ದಿನವಿಡೀ ಬರೆಯುತ್ತಾರೆ. ರಾಯರೂ ಅದಕ್ಕೆ ಮೆಚ್ಚುಗೆಯ ಹೆಬ್ಬೆರಳು ಒತ್ತುತ್ತಾರೆ. ನಾವೂ ಪರದೇಶದವರೇ ಅಲ್ಲವೇ ಎಂದು ಟೈಪ್ ಮಾಡಿ ಅಳಿಸಿದೆ.

ಮೇ 3, ಭಾನುವಾರ

ಬೆಳಿಗ್ಗೆ ಯಾರೋ ಗ್ರೂಪಿಗೆ ಫೋಟೋ ಹಾಕಿದ್ದಾರೆ. ಆರನೇ ಮಹಡಿಯ ಕಾರಿಡಾರಿನಲ್ಲಿ ಅಸದ್, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಮೈಕು, ಕಣ್ಣು ಮುಚ್ಚಿಕೊಂಡು ಯಾರದೋ ಬಾಗಿಲ ಮುಂದೆ. ಕೆಳಗೆ ಒಂದೇ ಸಮ ಮಾತು. ಬಾಗಿಲಿಗೆ ಕಿವಿ ಕೊಟ್ಟು ಒಳಗೆ ಯಾರಿದ್ದಾರೆಂದು ನೋಡ್ತಾನೆ. ಹೆಂಗಸರು ಒಬ್ಬರೇ ಇರೋ ಮನೆ ಹುಡುಕ್ತಾನೆ. ರಾಬರಿ ಗ್ಯಾಂಗ್ ಲಾ. ಇಲ್ಲಿಯವರಿಗೆ ಏನು ಹೇಳಿದರೂ ಕೊನೆಗೊಂದು ಲಾ ಬೇಕು.

ಒಬ್ಬರು ಬರೆದರು: ಇವನು ಒಂದಿನ ಒಂಬತ್ತನೇ ಮಹಡಿಯ ಇಂಡಿಯನ್ ಮೇಡಮ್ ಮನೆಯಿಂದ ಹೊರಗೆ ಬರುವುದನ್ನು ನೋಡಿದ್ದೇನೆ. ರಾಯರು ನನ್ನ ಹೆಸರು ಹಾಕಿ ಕೇಳಿದರು, "ಚಾಮುಂಡಿಯವರೇ, ಹೌದಾ?"

ಮುನ್ನೂರು ಜನರ ಗ್ರೂಪು. ಅದು ಕೋಣೆಯ ಸದ್ದು ಹಿಡಿಯುವುದು, ಸಿನಿಮಾದ ಕೆಲಸ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಗಂಡ ಇಲ್ಲದ ಮನೆಗೆ ಕರೆದಳು ಎನ್ನುತ್ತಾರೆ. ಇಲ್ಲಿನ ಕನ್ನಡ ಬಳಗದವರೆಲ್ಲ ಓದುತ್ತಾರೆ, ಪ್ರಶಾಂತನೂ ಅದೇ ಗ್ರೂಪಿನಲ್ಲಿದ್ದಾನೆ. "ಇಲ್ಲ. ಏನೋ ಕೇಳಿಕೊಂಡು ಬಂದಿದ್ದ, ಬಾಗಿಲಿಂದಲೇ ಕಳಿಸಿದೆ" ಎಂದು ಬರೆದೆ. ತಪ್ಪೇನಿಲ್ಲ, ಅಸದ್‌ಗೆ ಇದರಿಂದೇನು ತೊಂದರೆಯಾಗುತ್ತದೆ. ಗ್ರೂಪಿನವರು ಎರಡು ದಿನ ಕೂಗಾಡಿ ಸುಮ್ಮನಾಗುತ್ತಾರೆ.

ಮೇ 4, ಸೋಮವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಸಂಜೆ ಬೆಲ್ ಆಯಿತು. ಕಬ್ಬಿಣದ ಗ್ರಿಲ್ಲಿನ ಆಚೆ ರಾಯರು, ಗೇಟಿನ ಗಾರ್ಡು, ಕೆಳಗಿನ ಮಹಡಿಯ ಇಬ್ಬರು ದಾಂಡಿಗ ಹುಡುಗರು. ನಡುವೆ ಅಸದ್. ಒಬ್ಬ ಅವರ ಕೈಯನ್ನು ಬೆನ್ನ ಹಿಂದೆ ತಿರುಚಿ ಹಿಡಿದಿದ್ದ. ಹೆಡ್‌ಫೋನು ಕತ್ತಿನಲ್ಲಿ ನೇತಾಡುತ್ತಿತ್ತು. ದಿನವಿಡೀ ಉಪವಾಸವಿದ್ದು ತುಟಿ ಬೆಳ್ಳಗಾಗಿತ್ತು.

"ತಂಗಿ, ಇವ ನಿಮ್ಮ ಮನೆಗೆ ಬಂದಿದ್ದೇನೆ ಅಂತ ಹೇಳ್ತಾನೆ. ನಿಮ್ಮನ್ನು ಕೇಳಿದ್ರೆ ಎಲ್ಲ ಗೊತ್ತಾಗ್ತದಂತೆ. ಪರಿಚಯ ಉಂಟಾ?"

ಅಸದ್ ನನ್ನನ್ನು ನೋಡಿದರು. ಆ ಮುಖದಲ್ಲಿ ಭಯ ಹೋಗಿ ಒಂದು ನೆಮ್ಮದಿ ಬಂದಿತ್ತು. ಸರಿಯಾದ ಬಾಗಿಲಿಗೆ ಬಂದೆನಲ್ಲ ಎಂಬ ನೆಮ್ಮದಿ.

"ಇಲ್ಲ. ನಂಗೆ ಗೊತ್ತಿಲ್ಲ" ಎಂದೆ.

ಅನನ್ಯ ಹಿಂದಿನಿಂದ "ಅಮ್ಮಾ!" ಎಂದಳು. ನಾನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅಸದ್ ನನ್ನನ್ನೂ ಅವಳನ್ನೂ ನೋಡಿದರು, ಅವರಿಗೆ ಎಲ್ಲ ಅರ್ಥವಾಯಿತು. ಬೈಯಲಿಲ್ಲ. ಸುಳ್ಳು ಎನ್ನಲಿಲ್ಲ. ರಾಯರ ಕಡೆ ತಿರುಗಿ, "ತಪ್ಪು ನಂದೇ. ಬೇರೆ ಮನೆ ಇರಬೇಕು. ಬಾಗಿಲೆಲ್ಲ ಒಂದೇ ಥರ ಇವೆ" ಎಂದರು. ನನ್ನ ಮಾನ ಕಾಪಾಡಲು ಹಾಗೆ ಹೇಳಿದರು. ನಾನು ಬಾಗಿಲು ಹಾಕಿಕೊಂಡೆ.

ಮೆಟ್ಟಿಲ ಕಡೆಗೆ ಕರೆದುಕೊಂಡು ಹೋದರು. ಕೇಳಿಸಬಾರದಿತ್ತು, ಎಲ್ಲ ಕೇಳಿಸಿತು. ಏಟು, ಬೈಗುಳ, ರಾಯರು "ಇನ್ನೊಂದು ಹಾಕು, ಬಾಯಿ ಬಿಡ್ತಾನೆ" ಎಂದದ್ದು. ಮೈಕು ನೆಲಕ್ಕೆ ಬಿದ್ದದ್ದು. ಆಮೇಲೆ ಮೆಟ್ಟಿಲ ಮೇಲೆ ಏನೋ ಭಾರವಾದದ್ದು ಉರುಳುತ್ತಾ ಹೋಯಿತು. ಅದು ನಿಂತ ಮೇಲೆ ಯಾರೂ ಮಾತಾಡಲಿಲ್ಲ. ಉಪವಾಸ ಬಿಡುವ ಆಜಾನು ಕೇಳಿಸಿತು. ಅನನ್ಯ ಬಾಗಿಲು ಬಡಿಯುತ್ತಾ "ಓಪನ್ ಇಟ್!" ಎಂದು ಕಿರುಚುತ್ತಿದ್ದಳು. ಕೀಲಿ ನನ್ನ ಮುಷ್ಟಿಯಲ್ಲಿತ್ತು.

ಮೇ 5

ಆಸ್ಪತ್ರೆಯಲ್ಲಿದ್ದಾರಂತೆ. ಒಲೆ ಹಚ್ಚಲಿಲ್ಲ.

ಮೇ 6, ಬುಧವಾರ

ಅಸದ್ ಹೋದರು. ಪ್ರಜ್ಞೆ ಬರಲೇ ಇಲ್ಲವಂತೆ.

ಗ್ರೂಪಿನಲ್ಲಿ "ಓಡುವಾಗ ಮೆಟ್ಟಿಲಿಂದ ಬಿದ್ದನಂತೆ, ಸೋ ಸ್ಯಾಡ್ ಲಾ" ಎಂದು ಬಂತು. ಎಲ್ಲರೂ ಕೈಮುಗಿದ ಚಿಹ್ನೆ ಹಾಕಿದರು. ಹಾಕದಿದ್ದರೆ ಎದ್ದು ಕಾಣುತ್ತದೆಂದು ನಾನೂ ಹಾಕಿದೆ. ಥೂ.

ಮೇ 8, ಶುಕ್ರವಾರ

ಇದಕ್ಕಿಂತ ಕೆಳಗೆ ಇಳಿಯಲಾರೆ ಎಂದುಕೊಂಡಿದ್ದೆ. ಇಳಿದೆ.

ಬೆಳಿಗ್ಗೆ ರಾಯರ ಫೋನು. "ಪೊಲೀಸರು ಬರ್ತಾರೆ ತಂಗಿ. ಅವ ಓಡ್ಲಿಕ್ಕೆ ಹೋಗಿ ಬಿದ್ದದ್ದು, ಅದು ನಿಮಗೂ ಗೊತ್ತುಂಟು. ನೀವು ಒಂದು ಮಾತು ಹೇಳಿದ್ರೆ ಸಾಕು, ಬಾಗಿಲಿಗೆ ಬಂದು ಉಪದ್ರ ಕೊಡ್ತಿದ್ದ ಅಂತ. ಪ್ರಶಾಂತರ ವರ್ಕ್ ಪಾಸ್ ರಿನ್ಯೂವಲ್ ಬೇರೆ ಹತ್ತಿರ ಬಂತಲ್ಲ, ನಿಮಗೆ ಯಾಕೆ ಕೋರ್ಟು ಕಚೇರಿ?" ದನಿಯಲ್ಲಿ ಅದೇ ಅಕ್ಕರೆ, ಕರಿಬೇವು ತರಲಾ ಎಂದು ಕೇಳುವಾಗಿನದ್ದೇ.

ಪ್ರಶಾಂತನನ್ನು ಕೇಳಿದೆ. "ಅವ್ರು ಹೇಳಿದ ಹಾಗೆ ಹೇಳ್ಬಿಡು ಚಾಮು. ಸತ್ತೋನಂತೂ ಎದ್ದು ಬರಲ್ಲ. ಪಾಸ್ ಹೋದ್ರೆ ನಾವು ಬೀದಿಗೆ."

ಕೆಳಗಿನ ಆಫೀಸಿನಲ್ಲಿ ಪೊಲೀಸ್ ಅಧಿಕಾರಿ ಮಲಯ ಭಾಷೆಯಲ್ಲಿ ಕೇಳಿದರು. ನನ್ನ ಮಲಯ ತರಕಾರಿ ಅಂಗಡಿ ದಾಟುವುದಿಲ್ಲ. ಅನಂತಪದ್ಮನಾಭ ರಾಯರೇ ಪಕ್ಕದಲ್ಲಿ ಕೂತು ಕನ್ನಡಕ್ಕೆ ತಿರುಗಿಸಿದರು. ಕೊಂದವನೇ ದುಭಾಷಿ. "ಹೌದು, ಬರುತ್ತಿದ್ದ. ನನಗೆ ಭಯವಾಗುತ್ತಿತ್ತು" ಎಂದೆ. ಅದನ್ನು ಅವರು ಇನ್ನಷ್ಟು ಉದ್ದ ಮಾಡಿ ಹೇಳಿದರು. ವಾಪಸು ಬರುವಾಗ ಮೆಟ್ಟಿಲು ತೊಳೆದು ಫಿನಾಯಿಲ್ ಹಾಕಿದ್ದರು.

ಮೇ 12

ಅನನ್ಯ ಮಾತಾಡುವುದಿಲ್ಲ. ನಾನು ಬಡಿಸಿದ್ದನ್ನು ತಿನ್ನುವುದಿಲ್ಲ, ತಾನೇ ನೂಡಲ್ಸ್ ಮಾಡಿಕೊಳ್ಳುತ್ತಾಳೆ. ಇವತ್ತು ಬಾಗಿಲಲ್ಲಿ ಮೊಸರು, ಕರಿಬೇವು ಇತ್ತು. ಒಳಗೆ ತರಲು ಬಗ್ಗಿದೆ. ಅವಳು ಹಿಂದೆ ನಿಂತು ನೋಡುತ್ತಿದ್ದಳು. ಅಲ್ಲೇ ಬಿಟ್ಟೆ. ಸಂಜೆಯ ಹೊತ್ತಿಗೆ ಇರುವೆ ಮುತ್ತಿತ್ತು.

ಅಡಿಗೆಮನೆಯಲ್ಲಿ ಯಾವಾಗಲೂ ರೇಡಿಯೋ ಹಾಕಿಟ್ಟಿರುತ್ತೇನೆ. ಸುಮ್ಮನಿದ್ದರೆ ಆ ಹನಿಯ ಸದ್ದು ಕೇಳಿಸುತ್ತದೆ.

ಮೇ 21, ಗುರುವಾರ

ಸಿತಾರಾ ಬಂದಿದ್ದಳು. ಅಣ್ಣನನ್ನು ಮಣ್ಣು ಮಾಡುವಾಗ ಗಡಿ ದಾಟಲು ಪರವಾನಗಿ ಸಿಗಲಿಲ್ಲವಂತೆ, ಯಾರೋ ಗೆಳೆಯರು ಫೋನಿನಲ್ಲಿ ತೋರಿಸಿದರಂತೆ. ಈಗ ಸಾಮಾನು ತೆಗೆದುಕೊಂಡು ಹೋಗಲು ಬಿಟ್ಟಿದ್ದಾರೆ. ಚಿಕ್ಕ ಹುಡುಗಿ, ಅಣ್ಣನದೇ ಕಣ್ಣು. ಬಂದವಳೇ ನನ್ನ ಕೈ ಹಿಡಿದುಕೊಂಡಳು.

"ಚಾಮುಂಡಿ ಬೆಹೆನ್‌ಜಿ ನೀವೇ ಅಲ್ವಾ? ಅಣ್ಣ ಫೋನ್ ಮಾಡಿದಾಗಲೆಲ್ಲ ನಿಮ್ಮ ವಿಷಯ ಹೇಳ್ತಿದ್ದ. ಇಡೀ ಕಟ್ಟಡದಲ್ಲಿ ಬಾಗಿಲು ತೆಗೆದವರು ನೀವೊಬ್ಬರೇ ಅಂತ."

ನಾನು ಟೀ ಇಟ್ಟೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಅವಳು ಲ್ಯಾಪ್‌ಟಾಪು ತೆರೆದು ಅಮ್ಮನ ಭಾಗ ತೋರಿಸಿದಳು. ಮುದುಕಿ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಾ ಮಾತಾಡುತ್ತಾರೆ. ಭಾಷೆ ತಿಳಿಯದು. ಮಾತು ನಿಲ್ಲಿಸಿ ಕಿಟಕಿ ಕಡೆ ನೋಡುತ್ತಾರೆ, ಆಗ ಒಂದು ಹನಿ ಬೀಳುತ್ತದೆ. ಪಾರಿವಾಳ. ಟಿಕ್ ಟಿಕ್. ನನ್ನ ಮನೆ. ಕಾಬೂಲಿನ ಆ ತಾಯಿ ನನ್ನ ಅಡಿಗೆಮನೆಯಲ್ಲಿ ಕೂತಿದ್ದಾರೆ. ಕೊನೆಗೆ ಅವರು ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟು ಕ್ಯಾಮೆರಾ ನೋಡಿ ನಗುವಾಗ, ನನ್ನ ದನಿ ಕೇಳಿಸಿತು: "ಆಯ್ತಾ? ಟೀ ಕುಡೀತೀರಾ?"

"ಇದು ಯಾವ ಭಾಷೆ? ಕತ್ತರಿಸೋದು ಮರೆತೆಯಾ ಅಂತ ಅಣ್ಣನನ್ನ ಕೇಳಿದ್ದಕ್ಕೆ, ಇದು ಇರಲೇಬೇಕು ಅಂದ" ಎಂದಳು ಸಿತಾರಾ.

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅವಳು ನನ್ನ ತೋಳು ಸವರಿ ಸಮಾಧಾನ ಮಾಡಿದಳು. ನನ್ನನ್ನು. ಆಮೇಲೆ ಕೇಳಿದಳು, "ಅಣ್ಣ ಮನೆ ಬಾಗಿಲಿಗೆ ಬಂದು ಹೆದರಿಸ್ತಿದ್ದ ಅಂತ ಯಾರೋ ಹೆಂಗಸು ಪೊಲೀಸರ ಮುಂದೆ ಹೇಳಿದಾಳಂತೆ. ಅದರಿಂದಲೇ ಕೇಸು ಮುಚ್ಚುತ್ತಾ ಇದ್ದಾರೆ. ಯಾರು ಅಂತ ಅವರು ಹೇಳ್ತಾ ಇಲ್ಲ. ನಿಮಗೆ ಇಲ್ಲಿ ಎಲ್ಲರೂ ಗೊತ್ತಲ್ವಾ? ಅವಳನ್ನ ಹುಡುಕಿಕೊಡ್ತೀರಾ?"

ಇದನ್ನು ಬರೆಯಲು ನಾಚಿಕೆಯಾಗುತ್ತದೆ: ಗೊತ್ತಿಲ್ಲ ಎಂಬ ಮಾತು ಮತ್ತೆ ತುದಿನಾಲಿಗೆಗೆ ಬಂದಿತ್ತು. ಅನನ್ಯ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದಳು, ಅವತ್ತು ಉಸಿರು ಹಿಡಿದು ನಿಂತಿದ್ದ ಜಾಗದಲ್ಲೇ.

"ಅವಳು ನಾನೇ" ಎಂದೆ.

ಸಿತಾರಾ ಕೈ ಬಿಡಿಸಿಕೊಂಡಳು. ಕುಡಿಯದ ಟೀ ಲೋಟವನ್ನು ನನ್ನ ಕಡೆಗೆ ಸರಿಸಿ, ಲ್ಯಾಪ್‌ಟಾಪು ಎತ್ತಿಕೊಂಡು ಎದ್ದು ಹೋದಳು. ಅವಳು ಒಂದು ಏಟು ಹಾಕಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೇ 22, ಶುಕ್ರವಾರ

ಬೆಳಿಗ್ಗೆ ಪ್ರಶಾಂತನಿಗೆ ಎಲ್ಲ ಹೇಳಿದೆ, ಟೀ ಕೊಟ್ಟದ್ದರಿಂದ ಹಿಡಿದು. "ಪಾಸ್?" ಎಂದ. ಹೋದರೆ ಹೋಗಲಿ ಎಂದು ಫೋನು ಇಟ್ಟೆ.

ಚಪ್ಪಲಿ ಮೆಟ್ಟಿಕೊಳ್ಳುವಾಗ ಅನನ್ಯ ಬಂದಳು. "ತಡಿ ಅಮ್ಮ, ನಾನೂ ಬರ್ತೀನಿ. ನಾನೂ ಅಲ್ಲೇ ಇದ್ನಲ್ಲ." ಮಾಸ್ಕು ಹಾಕಿಕೊಳ್ಳಲು ಹೇಳಿ ಕರೆದುಕೊಂಡು ಹೊರಟೆ. ಲಿಫ್ಟು ಐದನೇ ಮಹಡಿಯಲ್ಲಿ ನಿಂತಿತು. ಅನಂತಪದ್ಮನಾಭ, ಕೈಯಲ್ಲಿ ಯಾರಿಗೋ ಒಯ್ಯುವ ಮೊಸರು. "ಎಲ್ಲಿಗೆ ತಂಗಿ, ಇಬ್ರೂ?" ಎಂದ. "ಪೊಲೀಸ್ ಸ್ಟೇಷನ್ನಿಗೆ" ಎಂದೆ. ಅವನು ಒಳಗೆ ಬರಲಿಲ್ಲ.

ಸ್ಟೇಷನ್ನಿನಲ್ಲಿ ಇಂಗ್ಲಿಷ್ ಬರುವ ಹೆಣ್ಣು ಅಧಿಕಾರಿಯನ್ನು ಕೊಡಿ ಎಂದು ಕೇಳಿಕೊಂಡೆ. ಕರೆದದ್ದು ನಾನು, ಬಾಗಿಲಲ್ಲಿ ಅಲ್ಲಗಳೆದದ್ದು ನಾನು, ಸುಳ್ಳು ಹೇಳಿದ್ದು ನಾನು. ಮೆಟ್ಟಿಲಲ್ಲಿ ಯಾರ ದನಿ ಕೇಳಿತು, ಏನು ಹೇಳಿತು, ಎಲ್ಲ ಹೇಳಿದೆ. ನಾನು ತಡವರಿಸಿದಲ್ಲಿ ಅನನ್ಯ ಹೇಳಿದಳು.

ಆಕೆ ಎಲ್ಲ ಬರೆದುಕೊಂಡು ತಲೆಯೆತ್ತಿದರು. "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ನಾಚಿಕೆಯಾಯಿತು."

"ಯಾವುದಕ್ಕೆ?"

"ಅವರಿಗೆ ಟೀ ಕೊಟ್ಟಿದ್ದಕ್ಕೆ" ಎಂದೆ.